ಕೊಟ್ಟಿಗೆಗೆ ಅಗ್ಗದ ಕ್ಯಾಮರಾ: ಕೊಳ್ಳುವ ಮುನ್ನ ತಿಳಿಯಬೇಕಾದದ್ದು



ಇತ್ತೀಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಕೊಟ್ಟಿಗೆಗಳಲ್ಲಿ ಹೊಸ ವಸ್ತುವೊಂದು ಕಾಣತೊಡಗಿದೆ. ಸೂರಿನ ಮೂಲೆಯಲ್ಲಿ ಬಿಳಿಯ ಗುಂಡು ಕ್ಯಾಮರಾ, ಅದರಿಂದ ಇಳಿಬಿದ್ದ ತಂತಿ. ಸಾವಿರ ರೂಪಾಯಿಯಿಂದ ಎರಡೂವರೆ ಸಾವಿರ ರೂಪಾಯಿಯೊಳಗೆ ಸಿಗುವ ಈ ಕ್ಯಾಮರಾಗಳನ್ನು ಪೇಟೆಯಲ್ಲಿರುವ ಮಕ್ಕಳು ಮೊಬೈಲಿನಲ್ಲೇ ತರಿಸಿ ಊರಿಗೆ ಕಳಿಸುತ್ತಾರೆ. ಕಳ್ಳರ ಭಯ, ಚಿರತೆಯ ಭಯ, ರಾತ್ರಿ ಕರು ಹಾಕುವ ಹಸುವಿನ ಚಿಂತೆ, ಈ ಮೂರಕ್ಕೂ ಇದೇ ಪರಿಹಾರವೆಂದು ಹಲವರು ನಂಬಿದ್ದಾರೆ. ಸಂಘಗಳ ಸಭೆಗಳಲ್ಲಿ ನಾನೂ ಹಾಗೆಯೇ ಹೇಳಿದ್ದುಂಟು. ಆದುದರಿಂದ ಈ ಪಾಠವನ್ನು ನನ್ನ ತಪ್ಪಿನಿಂದಲೇ ಆರಂಭಿಸುತ್ತೇನೆ.

ಕಳೆದ ವರ್ಷ ಆಷಾಢದಲ್ಲಿ ಒಬ್ಬ ಸದಸ್ಯೆಯ ಮನೆಯಿಂದ ಬೆಳಗಿನ ಜಾವ ಕರೆ ಬಂತು. ಮಿಶ್ರತಳಿ ಹಸು, ಎರಡನೇ ಸೂಲು. ನಾನು ಹೋಗುವ ವೇಳೆಗೆ ಹಸು ಎದ್ದು ನಿಂತು ಮೇವಿಗೆ ಮೂತಿ ಚಾಚುತ್ತಿತ್ತು. ಕರು ಮಾತ್ರ ಸತ್ತು ಬಿದ್ದಿತ್ತು. ಚೆನ್ನಾಗಿ ಬೆಳೆದ ಹೆಣ್ಣು ಕರು. ಮೂಗು ಬಾಯಿಗಳ ಮೇಲೆ ಪೊರೆ ಹಾಗೆಯೇ ಅಂಟಿತ್ತು. ಹೆರಿಗೆ ಸರಾಗವಾಗಿಯೇ ಆಗಿತ್ತು. ಪೊರೆ ತೆಗೆದು ಒಣ ಬಟ್ಟೆಯಿಂದ ಮೂಗು ಒರೆಸುವ ಒಂದು ಕೈ ಅಲ್ಲಿದ್ದಿದ್ದರೆ ಕರು ಬಹುಶಃ ಬದುಕುತ್ತಿತ್ತು.

ಆ ತಾಯಿ ಅಂದು ಹೇಳಿದ ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ. "ಡಾಕ್ಟ್ರೇ, ನಾನು ರಾತ್ರಿ ಎರಡು ಗಂಟೆಗೆ ಎದ್ದು ಫೋನಲ್ಲಿ ನೋಡಿದೆ. ಹಸ ಸುಮ್ನೆ ನಿಂತಿತ್ತು. ಇನ್ನೂ ಹೊತ್ತಿದೆ ಅಂತ ಮಲಗಿದೆ. ಕ್ಯಾಮರಾ ಇಲ್ದಿದ್ರೆ ಎದ್ದು ಹೋಗಿ ನೋಡೇ ನೋಡ್ತಿದ್ದೆ."

ಫೋನನ್ನು ತೆಗೆದು ಪರಿಶೀಲಿಸಿದಾಗ ಕಾರಣ ತಿಳಿಯಿತು. ಕ್ಯಾಮರಾದ ಅಡಾಪ್ಟರ್ ರಾತ್ರಿ ಹತ್ತೂವರೆ ಸುಮಾರಿಗೆ ಸುಟ್ಟುಹೋಗಿತ್ತು. ಫೋನಿನ ಪರದೆಯಲ್ಲಿ ಕಾಣುತ್ತಿದ್ದುದು ಅದಕ್ಕೆ ಮೊದಲು ಉಳಿದುಕೊಂಡಿದ್ದ ಹಳೆಯ ಚಿತ್ರ. ಸಂಪರ್ಕ ಕಡಿದಿದೆಯೆಂದು ಮೂಲೆಯಲ್ಲಿ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿತ್ತು. ನಿದ್ದೆಗಣ್ಣಿನಲ್ಲಿ ಅದು ಯಾರ ಗಮನಕ್ಕೆ ಬಂದೀತು? ಎರಡು ಗಂಟೆಗೆ ಅವರು ನೋಡಿದ್ದು ಹತ್ತೂವರೆಯ ಹಸುವನ್ನು.

"ಅಗ್ಗವೆಂದು ಮುಗ್ಗಿದ ಜೋಳ ಕೊಂಡರಂತೆ" ಎಂಬ ಗಾದೆ ನಮ್ಮಲ್ಲಿದೆ. ಮುಗ್ಗಿದ ಜೋಳವಾದರೆ ವಾಸನೆಯಿಂದಲೇ ಗೊತ್ತಾಗುತ್ತದೆ. ಕ್ಯಾಮರಾದ ದೋಷ ಹಾಗೆ ಗೊತ್ತಾಗುವುದಿಲ್ಲ, ಬೇಕಾದ ರಾತ್ರಿಯೇ ಹೊರಬೀಳುತ್ತದೆ. ಹಾಗೆಂದು ಕ್ಯಾಮರಾ ಬೇಡವೆಂಬುದು ಈ ಲೇಖನದ ಉದ್ದೇಶವಲ್ಲ. ಯಾವ ಕೆಲಸಕ್ಕೆ ಕೊಳ್ಳುತ್ತಿದ್ದೇವೆ, ಅಗ್ಗದ ಕ್ಯಾಮರಾ ಎಲ್ಲೆಲ್ಲಿ ಕೈಕೊಡುತ್ತದೆ, ಮನೆಗೆ ಬಂದೊಡನೆ ಹೇಗೆ ಪರೀಕ್ಷಿಸಬೇಕು ಎಂಬ ಮೂರು ವಿಷಯಗಳನ್ನು ತಿಳಿದು ಕೊಳ್ಳಿ ಎಂಬುದಷ್ಟೇ ನನ್ನ ಮನವಿ.

ಕ್ಯಾಮರಾ ಏನು ಮಾಡಬಲ್ಲದು?

ಮೊದಲನೆಯದಾಗಿ, ಬೆದೆ ಪತ್ತೆ. ಹಸು ಬೇರೆ ಹಸುಗಳಿಗೆ ಹಾರಲು ಬಿಟ್ಟುಕೊಂಡು ಕದಲದೆ ನಿಲ್ಲುವ ಲಕ್ಷಣ ಹೆಚ್ಚಾಗಿ ರಾತ್ರಿ ಹಾಗೂ ನಸುಕಿನಲ್ಲಿ ಕಾಣುತ್ತದೆ. ಎಮ್ಮೆಗಳಲ್ಲಿ ಬೆದೆಯ ಲಕ್ಷಣ ಇನ್ನೂ ಮಂದ. ಕಟ್ಟಿಹಾಕದೆ ಬಿಟ್ಟು ಸಾಕುವ ಕೊಟ್ಟಿಗೆಯಲ್ಲಿ ಬೆಳಿಗ್ಗೆ ಹತ್ತು ನಿಮಿಷ ರಾತ್ರಿಯ ದಾಖಲೆ ನೋಡಿದರೆ ತಪ್ಪಿಹೋಗಬಹುದಾದ ಬೆದೆ ಸಿಗಬಹುದು. ಒಂದು ಬೆದೆ ತಪ್ಪಿದರೆ ಮತ್ತೆ 21 ದಿನ ಕಾಯಬೇಕು, ಅಷ್ಟು ದಿನದ ಮೇವು ಹಿಂಡಿಯ ಖರ್ಚು ನಿಮ್ಮ ಬಟವಾಡೆಯಿಂದಲೇ ಹೋಗುತ್ತದೆ. ಆದರೆ ಒಂದೊಂದು ಗೂಟಕ್ಕೂ ಒಂದೊಂದು ಹಸು ಕಟ್ಟಿರುವ ಕೊಟ್ಟಿಗೆಯಲ್ಲಿ ಹಾರುವ ಲಕ್ಷಣ ಕಾಣಲು ಸಾಧ್ಯವೇ ಇಲ್ಲ. ಅಲ್ಲಿ ಲೋಳೆ, ಕೂಗು, ಹಾಲಿನ ಇಳಿತ ಇವುಗಳನ್ನೇ ನೋಡಬೇಕು. ಲೋಳೆಯನ್ನು ಕ್ಯಾಮರಾ ತೋರಿಸುವುದು ಕಡಿಮೆ.

ಎರಡನೆಯದಾಗಿ, ಹೆರಿಗೆಯ ಮುನ್ಸೂಚನೆ. ಹಸು ಮತ್ತೆ ಮತ್ತೆ ಏಳುವುದು, ಮಲಗುವುದು, ಬಾಲ ಎತ್ತಿ ಹಿಡಿಯುವುದು, ಹಿಂದಿರುಗಿ ಹೊಟ್ಟೆಯ ಕಡೆ ನೋಡುವುದು, ಇವು ಕ್ಯಾಮರಾದಲ್ಲಿ ಚೆನ್ನಾಗಿ ಕಾಣುತ್ತವೆ. ಕರು ಹಾಕಿದ ನಂತರದ ಮೂರು ದಿನಗಳಲ್ಲಿ ಹಸು ಕತ್ತನ್ನು ಪಕ್ಕೆಗೆ ತಿರುಗಿಸಿಕೊಂಡು ಏಳದೆ ಮಲಗಿದ್ದರೆ ಹಾಲುಜ್ವರದ ಶಂಕೆಯೂ ಬರುತ್ತದೆ.

ಮೂರನೆಯದಾಗಿ, ಕಳ್ಳತನ ಮತ್ತು ಕಾಡುಪ್ರಾಣಿ. ಕ್ಯಾಮರಾ ಕಳ್ಳನನ್ನು ತಡೆಯುವುದಿಲ್ಲ, ನಡೆದುದನ್ನು ದಾಖಲಿಸುತ್ತದೆ ಅಷ್ಟೆ. ಗಟ್ಟಿ ಬಾಗಿಲು, ಒಳ್ಳೆಯ ಬೀಗ, ಹೊರಗೊಂದು ದೀಪ, ಸಾಧ್ಯವಿದ್ದರೆ ಒಂದು ನಾಯಿ, ಇವೆಲ್ಲ ಆದ ಮೇಲೆ ಕ್ಯಾಮರಾ ಬರಬೇಕು.

ಯಾವ ಕೆಲಸಕ್ಕೆ ಎಂದು ತೀರ್ಮಾನಿಸಿದ ನಂತರವೇ ಯಾವ ಕ್ಯಾಮರಾ ಎಂಬ ಪ್ರಶ್ನೆ. ಹೆರಿಗೆ ನೋಡಲು ಒಂದು ಹಸುವಿನ ಜಾಗ ಕಂಡರೆ ಸಾಕು. ಕಳ್ಳನ ಗುರುತು ಬೇಕಾದರೆ ಬಾಗಿಲಿಗೆ ಹತ್ತಿರ ಬೇರೊಂದು ಕ್ಯಾಮರಾ ಬೇಕು. ಒಂದರಲ್ಲೇ ಎರಡನ್ನೂ ಸಾಧಿಸಲು ಹೋದವರು ಎರಡನ್ನೂ ಕಳೆದುಕೊಂಡಿದ್ದಾರೆ.

ಅಗ್ಗದ ಕ್ಯಾಮರಾ ಕೈಕೊಡುವ ಏಳು ಕಡೆಗಳು

1. ಚಿತ್ರದ ಲೆಕ್ಕ: ಜಾಹೀರಾತಿನಲ್ಲಿ 4ಕೆ, 8 ಮೆಗಾಪಿಕ್ಸೆಲ್ ಎಂದು ದೊಡ್ಡದಾಗಿ ಬರೆದಿರುತ್ತಾರೆ. ಚಿತ್ರದ ಅಡ್ಡ ಹಾಗೂ ಉದ್ದದ ಚುಕ್ಕಿಗಳನ್ನು ಗುಣಿಸಿದರೆ ನಿಜ ಗೊತ್ತಾಗುತ್ತದೆ. 1920 ಮತ್ತು 1080 ಗುಣಿಸಿದರೆ 20,73,600, ಅಂದರೆ 2 ಮೆಗಾಪಿಕ್ಸೆಲ್. ನಿಜವಾದ 4ಕೆ ಎಂದರೆ 3840 ಮತ್ತು 2160, ಅಂದರೆ ಸುಮಾರು 83 ಲಕ್ಷ ಚುಕ್ಕಿ. ಕೆಲವು ಅಗ್ಗದ ಕ್ಯಾಮರಾಗಳು ಸಣ್ಣ ಚಿತ್ರವನ್ನೇ ಹಿಗ್ಗಿಸಿ ದೊಡ್ಡ ಸಂಖ್ಯೆ ಹೇಳುತ್ತವೆ. ಹಿಗ್ಗಿಸಿದ ಚಿತ್ರದಲ್ಲಿ ಹೊಸ ವಿವರ ಹುಟ್ಟುವುದಿಲ್ಲ, ನೀರು ಬೆರೆಸಿದ ಹಾಲಿನಲ್ಲಿ ಜಿಡ್ಡು ಹೆಚ್ಚದಂತೆ. ಹೆರಿಗೆ ನೋಡಲು ನಿಜವಾದ 2 ಮೆಗಾಪಿಕ್ಸೆಲ್ ಸಾಕು. ಆದರೆ ಅಗಲವಾಗಿ ನೋಡುವ ಅಂಥ ಕ್ಯಾಮರಾದಲ್ಲಿ 15-20 ಅಡಿಯಾಚೆ ಇರುವ ಮನುಷ್ಯನ ಮುಖವನ್ನು ರಾತ್ರಿ ಗುರುತು ಹಿಡಿಯುವುದು ಕಷ್ಟ.

2. ರಾತ್ರಿಯ ನೋಟ: ಕತ್ತಲಲ್ಲಿ ಕ್ಯಾಮರಾ ನಮಗೆ ಕಾಣದ ಅತಿಗೆಂಪು ಬೆಳಕನ್ನು ಚೆಲ್ಲಿ ನೋಡುತ್ತದೆ. ಕ್ಯಾಮರಾದ ಮುಂದೆ ಒಂದೇ ಒಂದು ಜೇಡರ ಬಲೆ ಇದ್ದರೂ ಆ ಬೆಳಕು ಹಿಂದಕ್ಕೆ ಬಂದು ಚಿತ್ರವೆಲ್ಲ ಬೆಳ್ಳಗಾಗುತ್ತದೆ. ಹತ್ತಿರದ ಸುಣ್ಣದ ಗೋಡೆ, ಹೊಸ ತಗಡು, ಸೊಳ್ಳೆಗೆ ಹಾಕಿದ ಹೊಗೆ, ಹಿಂಡಿಯ ಧೂಳು ಇವೂ ಹಾಗೆಯೇ. ಹುಳುಗಳಿಗಾಗಿ ಜೇಡ ಅಲ್ಲಿ ಬಲೆ ಹೆಣೆಯುತ್ತದೆ. ಆದ್ದರಿಂದ ವಾರಕ್ಕೊಮ್ಮೆ ಒಣ ಬಟ್ಟೆಯಿಂದ ಒರೆಸುವುದು ಕಡ್ಡಾಯವೆಂದು ತಿಳಿಯಿರಿ. ಕೊಟ್ಟಿಗೆಯಲ್ಲಿ ರಾತ್ರಿಯಿಡೀ ಒಂದು ಸಣ್ಣ ಎಲ್‌ಇಡಿ ಬಲ್ಬ್ ಉರಿಸಿದರೆ ಅಗ್ಗದ ಕ್ಯಾಮರಾವೂ ಉತ್ತಮ ಚಿತ್ರ ಕೊಡುತ್ತದೆ.

3. ಸಂಪರ್ಕ: ಅಗ್ಗದ ಕ್ಯಾಮರಾಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಆಯ್ಕೆಯಾಗಿದ್ದರೆ ಎಷ್ಟು ಸಲ ಪ್ರಯತ್ನಿಸಿದರೂ ಸೇರುವುದಿಲ್ಲ. ಕ್ಯಾಮರಾ ಕೆಟ್ಟಿದೆಯೆಂದು ಹಿಂದಿರುಗಿಸಿದವರಲ್ಲಿ ಹಲವರ ತೊಂದರೆ ಇಷ್ಟೇ ಆಗಿತ್ತು. ಮನೆಯಿಂದ ಕೊಟ್ಟಿಗೆಗೆ ನಡುವೆ ದಪ್ಪ ಮಣ್ಣಿನ ಗೋಡೆ ಅಥವಾ ತಗಡಿನ ಮರೆ ಇದ್ದರೆ ಸಂಪರ್ಕ ಕುಗ್ಗುತ್ತದೆ. ತೋಟದ ಕೊಟ್ಟಿಗೆಗೆ ಸಿಮ್ ಹಾಕುವ ಕ್ಯಾಮರಾ ಬರುತ್ತದೆ. ಅದರ ಲೆಕ್ಕವನ್ನೂ ನೋಡಿ. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಚಿತ್ರ ಹರಿದರೆ ಒಂದು ಗಂಟೆಗೆ ಸುಮಾರು 450 ಎಂ.ಬಿ. ಖರ್ಚು. ದಿನಕ್ಕೆ ಒಂದೂವರೆ ಜಿ.ಬಿ.ಯ ರೀಚಾರ್ಜ್ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಬೆಂಗಳೂರಿನ ಮಗ ಸಂಜೆಯೆಲ್ಲ ಹಸು ನೋಡುತ್ತ ಕುಳಿತರೆ ನಡುರಾತ್ರಿಗೆ ನಿಮಗೆ ಏನೂ ಉಳಿಯುವುದಿಲ್ಲ.

4. ಮೆಮೊರಿ ಕಾರ್ಡ್: ಅದೇ ಪ್ರಮಾಣದಲ್ಲಿ ಹಗಲೂ ರಾತ್ರಿ ದಾಖಲಿಸಿದರೆ ದಿನಕ್ಕೆ ಸುಮಾರು 10.8 ಜಿ.ಬಿ. ಬೇಕು. 64 ಜಿ.ಬಿ. ಕಾರ್ಡಿನಲ್ಲಿ ಐದಾರು ದಿನದ ದಾಖಲೆ ಮಾತ್ರ ಇರುತ್ತದೆ, ನಂತರ ಹಳೆಯದು ಅಳಿಸಿಹೋಗುತ್ತದೆ. ಕಳವಾಗಿ ಹತ್ತು ದಿನದ ಮೇಲೆ ಹುಡುಕಿದರೆ ಏನೂ ಸಿಗದು. ಕ್ಯಾಮರಾದ ಜೊತೆ ಉಚಿತವೆಂದು ಕೊಡುವ ಕಾರ್ಡುಗಳಲ್ಲಿ ನಕಲಿ ಇರುವುದುಂಟು. 128 ಎಂದು ಬರೆದಿದ್ದರೂ ಒಳಗೆ ಎಂಟೋ ಹದಿನಾರೋ ಇರುತ್ತದೆ. ಸದಾ ಬರೆಯುತ್ತಲೇ ಇರುವ ಕೆಲಸಕ್ಕೆಂದೇ ಮಾಡಿದ ಹೆಚ್ಚು ಬಾಳಿಕೆಯ ಕಾರ್ಡುಗಳಿವೆ, ಬಿಲ್ಲಿನೊಂದಿಗೆ ಅದನ್ನೇ ಕೊಳ್ಳಿ. ಕಳ್ಳ ಕ್ಯಾಮರಾವನ್ನೇ ಕಿತ್ತುಕೊಂಡು ಹೋದರೆ ಕಾರ್ಡೂ ಅದರೊಂದಿಗೇ ಹೋಗುತ್ತದೆ ಎಂಬುದನ್ನೂ ಮರೆಯಬೇಡಿ. ಕೈಗೆ ಎಟುಕದ ಎತ್ತರದಲ್ಲಿ ಬಿಗಿಯಾಗಿ ಹಾಕಿಸಿ.

5. ವಿದ್ಯುತ್: ನನ್ನ ಅನುಭವದಲ್ಲಿ ಅತಿ ಹೆಚ್ಚು ಕೈಕೊಡುವುದು ಇದೇ. ಕರೆಂಟು ಹೋದರೆ ಕ್ಯಾಮರಾವೂ ಇಲ್ಲ, ಮನೆಯ ರೌಟರ್ರೂ ಇಲ್ಲ. ಎರಡಕ್ಕೂ ಬ್ಯಾಟರಿ ಆಸರೆ ಇಲ್ಲದಿದ್ದರೆ ಗಾಳಿ ಮಳೆಯ ರಾತ್ರಿ ಕ್ಯಾಮರಾ ಇದ್ದೂ ಇಲ್ಲದಂತೆ. ಸಾಮಾನ್ಯ ಸಣ್ಣ ಕ್ಯಾಮರಾ 5 ವೋಲ್ಟ್, 1 ಆಂಪಿಯರ್, ಅಂದರೆ 5 ವ್ಯಾಟ್ ತೆಗೆದುಕೊಳ್ಳುತ್ತದೆ. ತಿಂಗಳಿಗೆ ಮೂರೂವರೆ ಯೂನಿಟ್ ಮಾತ್ರ. 10,000 ಎಂ.ಎ.ಎಚ್. ಪವರ್ ಬ್ಯಾಂಕ್ ಅದನ್ನು ಐದಾರು ಗಂಟೆ ನಡೆಸುತ್ತದೆ. ಆದರೆ ಚಾರ್ಜ್ ಆಗುತ್ತಲೇ ವಿದ್ಯುತ್ ಕೊಡುವ ಗುಣ ಎಲ್ಲ ಪವರ್ ಬ್ಯಾಂಕ್‌ಗಳಿಗಿಲ್ಲ, ಕೇಳಿ ತಿಳಿದುಕೊಳ್ಳಿ. ಸೋಲಾರ್ ಕ್ಯಾಮರಾಗಳಲ್ಲಿ ಹಲವು ಸದಾ ದಾಖಲಿಸುವುದಿಲ್ಲ, ಮುಂದೆ ಏನಾದರೂ ಚಲಿಸಿದಾಗ ಎಚ್ಚೆತ್ತು ಕೆಲವು ಸೆಕೆಂಡು ದಾಖಲಿಸಿ ಮತ್ತೆ ಮಲಗುತ್ತವೆ. ಮೋಡ ಕವಿದ ವಾರದಲ್ಲಿ ಅವುಗಳ ಬ್ಯಾಟರಿ ತುಂಬುವುದೂ ಕಷ್ಟ.

6. ಕೊಟ್ಟಿಗೆಯ ಗಾಳಿ: ಮನೆಯ ಹಜಾರಕ್ಕೆಂದು ಮಾಡಿದ ಕ್ಯಾಮರಾವನ್ನು ಕೊಟ್ಟಿಗೆಗೆ ಹಾಕಿದರೆ ಬೇಗ ಹಾಳಾಗುತ್ತದೆ. ಗಂಜಲ ಸಗಣಿಗಳಿಂದ ಏಳುವ ಅಮೋನಿಯಾ ಮತ್ತು ತೇವ ತಾಮ್ರದ ಜೋಡಣೆಗಳನ್ನು ತಿನ್ನುತ್ತವೆ. ಡಬ್ಬದ ಮೇಲೆ ಐಪಿ 65 ಅಥವಾ ಐಪಿ 66 ಎಂಬ ಗುರುತು ನೋಡಿ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 6 ಎಂದರೆ ಧೂಳು ಒಳಗೆ ಹೋಗದು, 5 ಎಂದರೆ ನೀರಿನ ಚಿಮ್ಮುಗೆ ತಡೆಯುತ್ತದೆ. ಕ್ಯಾಮರಾಕ್ಕೆ ಆ ಗುರುತಿದ್ದರೂ ಅದರ ಅಡಾಪ್ಟರ್‌ಗೆ ಇರುವುದಿಲ್ಲ. ನಾನು ಆರಂಭದಲ್ಲಿ ಹೇಳಿದ ಮನೆಯಲ್ಲಿ ಸುಟ್ಟದ್ದು ಅಡಾಪ್ಟರೇ.

7. ಆ್ಯಪ್ ಮತ್ತು ಗುಪ್ತಪದ: ಕ್ಯಾಮರಾ ನಿಮ್ಮದು, ಆದರೆ ಅದನ್ನು ತೋರಿಸುವ ಆ್ಯಪ್ ತಯಾರಕರದು. ಮೊದಲ ತಿಂಗಳು ಉಚಿತವಾಗಿದ್ದ ಸೌಲಭ್ಯಕ್ಕೆ ನಂತರ ತಿಂಗಳ ಶುಲ್ಕ ಕೇಳುವುದುಂಟು. ಹೆಸರಿಲ್ಲದ ಕ್ಯಾಮರಾದ ಆ್ಯಪ್ ಒಂದು ದಿನ ನಿಂತೇ ಹೋಗಬಹುದು. ಇನ್ನೊಂದು ಅಪಾಯವೂ ಇದೆ. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಕಾರ್ಖಾನೆಯ ಗುಪ್ತಪದವನ್ನು ಬದಲಿಸದೆ ಬಿಟ್ಟಿದ್ದ ಕ್ಯಾಮರಾ ಮತ್ತು ರೌಟರ್‌ಗಳನ್ನು ಜಗತ್ತಿನಾದ್ಯಂತ ವಶಪಡಿಸಿಕೊಂಡು ದೊಡ್ಡ ಜಾಲತಾಣಗಳನ್ನೇ ಕೆಡವಿತು. ಆದ್ದರಿಂದ ಹಾಕಿದ ದಿನವೇ ಗುಪ್ತಪದ ಬದಲಿಸಿ. ಹಸುವಿನ ಹೆಸರು, ಮೊಬೈಲ್ ಸಂಖ್ಯೆ ಇಡಬೇಡಿ.

ಎಚ್ಚರಿಕೆ ಗಂಟೆಯ ಬಗ್ಗೆ ಒಂದು ಮಾತು. ಚಲನೆ ಕಂಡರೆ ಫೋನಿಗೆ ಸದ್ದು ಮಾಡುವ ವ್ಯವಸ್ಥೆ ಹೆಚ್ಚಿನ ಕ್ಯಾಮರಾಗಳಲ್ಲಿ ಇದೆ. ಕೊಟ್ಟಿಗೆಯಲ್ಲಿ ಹಸು ಬಾಲ ಬೀಸಿದರೂ ಅದು ಸದ್ದು ಮಾಡುತ್ತದೆ. ಎರಡು ರಾತ್ರಿ ಸಹಿಸಿ ಮೂರನೆಯ ರಾತ್ರಿ ಮನೆಯವರು ಅದನ್ನು ಆರಿಸಿಬಿಡುತ್ತಾರೆ. ಮನುಷ್ಯರನ್ನು ಮಾತ್ರ ಗುರುತಿಸುವ ಆಯ್ಕೆ ಇದ್ದರೆ ಬಾಗಿಲಿನ ಕ್ಯಾಮರಾಕ್ಕೆ ಅದನ್ನು ಇಡಿ.

ಕೊಳ್ಳುವಾಗ ಅನುಸರಿಸಬೇಕಾದ ಕ್ರಮಗಳು

ಭಾರತದಲ್ಲಿ ಸಿಸಿಟಿವಿ ಕ್ಯಾಮರಾಗಳಿಗೆ ಬಿ.ಐ.ಎಸ್. ನೋಂದಣಿ ಕಡ್ಡಾಯ. 2025ರ ಏಪ್ರಿಲ್ 9ರಿಂದ ಇಂಥ ಕ್ಯಾಮರಾಗಳು ಮಾಹಿತಿ ಸುರಕ್ಷತೆಯ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕೆಂಬ ನಿಯಮ ಜಾರಿಗೆ ಬಂದಿದೆ. ಡಬ್ಬದ ಮೇಲೆ "ಆರ್" ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರಬೇಕು. ಅದನ್ನು ಬಿ.ಐ.ಎಸ್. ಕೇರ್ ಎಂಬ ಉಚಿತ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಅಸಲಿಯೇ ಎಂದು ತಿಳಿಯುತ್ತದೆ. ತಯಾರಕರ ಅಥವಾ ಆಮದುದಾರರ ಹೆಸರು ವಿಳಾಸ, ಗರಿಷ್ಠ ಮಾರಾಟ ಬೆಲೆ, ತಯಾರಾದ ದೇಶ ಇವು ಮುದ್ರಿತವಾಗಿರಬೇಕು. ಇವಿಲ್ಲದ ಡಬ್ಬವನ್ನು ಎಷ್ಟೇ ಅಗ್ಗವಾದರೂ ಮುಟ್ಟಬೇಡಿ.

ಬಿಲ್ಲನ್ನು ಕೇಳಿ ಪಡೆಯಿರಿ. ಮೊಬೈಲಿನಲ್ಲಿ ತರಿಸಿದರೆ ಡಬ್ಬ ಬಿಚ್ಚುವುದನ್ನು ಮತ್ತೊಂದು ಫೋನಿನಲ್ಲಿ ಚಿತ್ರೀಕರಿಸಿಕೊಳ್ಳಿ. ಹಿಂದಿರುಗಿಸುವ ಅವಧಿ ಸಾಮಾನ್ಯವಾಗಿ 7 ಅಥವಾ 10 ದಿನ ಇರುತ್ತದೆ, ಹಲವು ವೇಳೆ ಹಣ ವಾಪಸಿಲ್ಲ, ಬದಲಿ ವಸ್ತು ಮಾತ್ರ. ನಮ್ಮವರು ಮಾಡುವ ದೊಡ್ಡ ತಪ್ಪೆಂದರೆ ಹಸು ಕರು ಹಾಕುವ ದಿನ ಹತ್ತಿರ ಬರಲಿ ಎಂದು ಡಬ್ಬವನ್ನು ಅಟ್ಟದ ಮೇಲೆ ಇಡುವುದು. ತೆಗೆಯುವ ವೇಳೆಗೆ ಅವಧಿ ಮುಗಿದಿರುತ್ತದೆ.

ಕ್ಯಾಮರಾ ಬಂದ ಮೂರು ದಿನದೊಳಗೆ, ಕೊಟ್ಟಿಗೆಯಲ್ಲೇ ಈ ಐದು ಪರೀಕ್ಷೆಗಳನ್ನು ಮಾಡಿ.

(ಅ) ರಾತ್ರಿ ಕೊಟ್ಟಿಗೆಯ ದೀಪ ಆರಿಸಿ, ಹಸುವಿನ ಹಿಂಭಾಗ ಸ್ಪಷ್ಟವಾಗಿ ಕಾಣುತ್ತದೆಯೇ ನೋಡಿ.

(ಆ) ಮನೆಯವರೊಬ್ಬರನ್ನು ಕ್ಯಾಮರಾದ ಮುಂದೆ ನಿಲ್ಲಿಸಿ ಕೈ ಎತ್ತಲು ಹೇಳಿ. ಫೋನಿನಲ್ಲಿ ಕೈ ಎಷ್ಟು ಸೆಕೆಂಡಿನ ನಂತರ ಏಳುತ್ತದೆ ಎಂದು ಎಣಿಸಿ.

(ಇ) ಕ್ಯಾಮರಾದ ಪ್ಲಗ್ ಕಿತ್ತು ಫೋನಿನಲ್ಲಿ ಏನು ಕಾಣುತ್ತದೆ ನೋಡಿ. ಹಳೆಯ ಚಿತ್ರವೇ ನಿಂತಿರುತ್ತದೆಯೇ, ಸಂಪರ್ಕವಿಲ್ಲವೆಂದು ಎದ್ದು ಕಾಣುವಂತೆ ಹೇಳುತ್ತದೆಯೇ? ಆ ಸೂಚನೆ ಎಲ್ಲಿ ಬರುತ್ತದೆಂದು ಮನೆಯ ಎಲ್ಲರಿಗೂ ತೋರಿಸಿ.

(ಈ) ಹತ್ತು ನಿಮಿಷ ಮೇನ್ ಆರಿಸಿ ಮತ್ತೆ ಹಾಕಿ. ಕ್ಯಾಮರಾ ತಾನಾಗಿಯೇ ಸಂಪರ್ಕಕ್ಕೆ ಬರಬೇಕು, ಗಡಿಯಾರ ಸರಿಯಾದ ಸಮಯ ತೋರಿಸಬೇಕು.

(ಉ) ಎರಡು ದಿನದ ನಂತರ ಮೊದಲ ರಾತ್ರಿಯ ದಾಖಲೆ ತೆರೆಯುತ್ತದೆಯೇ ನೋಡಿ. ನಕಲಿ ಕಾರ್ಡಾದರೆ ಇಲ್ಲಿಯೇ ಸಿಕ್ಕಿಬೀಳುತ್ತದೆ.

ಒಂದರಲ್ಲಿ ಸೋತರೂ ಸಂಕೋಚಪಡದೆ ಹಿಂದಿರುಗಿಸಿ. ಮಾರಿದವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಪ್ರಕಾರ, ವಸ್ತು ಎಲ್ಲಿಂದ ಬಂದಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ. ದೂರಿಗೆ ಕಾರಣವಾದ ದಿನದಿಂದ 2 ವರ್ಷದೊಳಗೆ ಕೊಡಬೇಕು. ಬಿಲ್ಲು ಇರಬೇಕಾದದ್ದು ಇದಕ್ಕಾಗಿ.

ವಿದ್ಯುತ್ ಅಪಾಯ: ವಿಶೇಷ ಗಮನಕ್ಕೆ

ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತಿರುವ ಹಸು ಮನುಷ್ಯನಿಗಿಂತ ಕಡಿಮೆ ವೋಲ್ಟೇಜಿಗೇ ಬಾಧೆಪಡುತ್ತದೆ. ನಮಗೆ ತಿಳಿಯದಷ್ಟು ಸಣ್ಣ ಸೋರಿಕೆ ಕಬ್ಬಿಣದ ಕಂಬ ಅಥವಾ ನೀರಿನ ತೊಟ್ಟಿಗೆ ತಗಲಿದ್ದರೂ ಹಸು ನೀರು ಕುಡಿಯಲು ಹಿಂಜರಿಯುತ್ತದೆ, ಹಾಲು ಇಳಿಸುವುದಿಲ್ಲ. ಕ್ಯಾಮರಾ ಹಾಕಿದ ಮೇಲೆ ಹಾಲು ಕಡಿಮೆಯಾಗಿ, ದೃಷ್ಟಿ ತಗುಲಿತೆಂದು ಕೊರಗುವ ಮೊದಲು ತಂತಿ ನೋಡಿ. ಅಡಾಪ್ಟರ್ ಮತ್ತು ಪ್ಲಗ್ಗನ್ನು ಕೊಟ್ಟಿಗೆಯ ಹೊರಗೆ, ಮಳೆ ತಾಗದ ಜಾಗದಲ್ಲಿಡಿ. ತಂತಿಯನ್ನು ಪೈಪಿನೊಳಗೆ ಎಳೆಯಿರಿ, ಇಲ್ಲದಿದ್ದರೆ ಇಲಿ ಕಡಿಯುತ್ತದೆ, ಹಸು ಅಗಿಯುತ್ತದೆ. ಅರ್ಥಿಂಗ್ ಸರಿಯಿರಲಿ. ಸೋರಿಕೆಯಾದರೆ ತಾನಾಗಿ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ಚನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನಿಂದ ಹಾಕಿಸಿ. ಕ್ಯಾಮರಾ ಪಕ್ಕದ ಮನೆಯ ಅಂಗಳವನ್ನಾಗಲಿ, ಹೆಂಗಸರು ಸ್ನಾನಕ್ಕೆ ಹೋಗುವ ದಾರಿಯನ್ನಾಗಲಿ ನೋಡದಂತೆ ತಿರುಗಿಸಿಡುವುದು ನೆರೆಹೊರೆಯ ಧರ್ಮ.

ಕ್ಯಾಮರಾ ಇದ್ದರೂ ಇಲ್ಲದಿದ್ದರೂ

ಕರುವನ್ನು ಉಳಿಸುವ ಮೊದಲ ಸಾಧನಕ್ಕೆ ಒಂದು ರೂಪಾಯಿಯ ಖರ್ಚೂ ಇಲ್ಲ. ಅದು ಕೃತಕ ಗರ್ಭಧಾರಣೆ ಮಾಡಿಸಿದ ದಿನಾಂಕ. ಹಸುವಿಗೆ ಸುಮಾರು 280 ದಿನ, ಎಮ್ಮೆಗೆ ಸುಮಾರು 310 ದಿನ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನಕ್ಕೆ ಹಿಂದೆ ಮುಂದೆ ಹತ್ತು ದಿನ ಎಚ್ಚರದ ದಿನಗಳು. ಕೆಚ್ಚಲು ಬಿಗಿಯುವುದು, ಬಾಲದ ಬುಡದ ಎರಡೂ ಬದಿ ಗುಳಿ ಬೀಳುವುದು, ಯೋನಿ ಸಡಿಲವಾಗಿ ಊದುವುದು ಕಂಡರೆ ಹೊತ್ತು ಹತ್ತಿರವಾಗಿದೆ. ಕೊನೆಯ ಎರಡು ಮೂರು ವಾರ ಮುಖ್ಯ ಮೇವನ್ನು ಸಂಜೆ ತಡವಾಗಿ ಕೊಟ್ಟರೆ ಹಗಲಿನಲ್ಲಿ ಕರು ಹಾಕುವ ಸಂಭವ ಸ್ವಲ್ಪ ಹೆಚ್ಚುತ್ತದೆ. ಎಲ್ಲ ಹಸುಗಳೂ ಕೇಳುವುದಿಲ್ಲ, ಆದರೆ ಖರ್ಚಿಲ್ಲದ ಉಪಾಯ.

ನೀರಿನ ಚೀಲ ಒಡೆದು ಒಂದು ಗಂಟೆಯಾದರೂ ಕರುವಿನ ಕಾಲು, ಮೂತಿ ಕಾಣದಿದ್ದರೆ ಪಶುವೈದ್ಯರನ್ನು ಕರೆಯಿರಿ. ಬಾಲ ಅಥವಾ ಒಂದೇ ಕಾಲು ಕಂಡರೆ ಕಾಯದೆ ತಕ್ಷಣ ಕರೆಯಿರಿ. ಕರು ಬಿದ್ದೊಡನೆ ಮೂಗು ಬಾಯಿಯ ಪೊರೆ ಲೋಳೆ ತೆಗೆದು, ಒಣ ಹುಲ್ಲಿನಿಂದ ಎದೆಯನ್ನು ಚೆನ್ನಾಗಿ ಉಜ್ಜಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್ ಹಚ್ಚಿ. ಮೊದಲ ಎರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಿ. ಈ ನಾಲ್ಕು ಕೆಲಸಗಳಲ್ಲಿ ಒಂದನ್ನೂ ಕ್ಯಾಮರಾ ಮಾಡುವುದಿಲ್ಲ. ಅದು ನಿಮ್ಮನ್ನು ಎಬ್ಬಿಸಿದರೆ ಉಪಕಾರ, ಮಲಗಿಸಿದರೆ ನಷ್ಟ.

ನೆನಪಿಡಿ

• ಯಾವ ಕೆಲಸಕ್ಕೆ ಎಂದು ಮೊದಲು ತೀರ್ಮಾನ, ನಂತರ ಖರೀದಿ.
• ಕ್ಯಾಮರಾದ ಬೆಲೆಗೆ ಕಾರ್ಡು, ಬ್ಯಾಟರಿ, ರೀಚಾರ್ಜ್, ತಂತಿ, ಸ್ವಿಚ್ಚು ಎಲ್ಲ ಸೇರಿಸಿ ಲೆಕ್ಕ ಹಾಕಿ. ಸಾವಿರದ ಕ್ಯಾಮರಾ ಸಾವಿರಕ್ಕೆ ನಿಲ್ಲುವುದಿಲ್ಲ.
• ಪರೀಕ್ಷೆ ಮೂರು ದಿನದೊಳಗೆ, ರಾತ್ರಿ, ಕೊಟ್ಟಿಗೆಯಲ್ಲಿ.
• ಫೋನಿನಲ್ಲಿ ಹಸು ನೋಡುವಾಗ ಮೊದಲು ಚಿತ್ರದ ಮೇಲಿನ ಗಡಿಯಾರ ನೋಡಿ. ಅಂಕಿ ಓಡುತ್ತಿದ್ದರೆ ಮಾತ್ರ ಚಿತ್ರ ಈಗಿನದು.
• ಎಚ್ಚರದ ದಿನಗಳಲ್ಲಿ ರಾತ್ರಿ ಒಮ್ಮೆಯಾದರೂ ಕಾಲ ಮೇಲೆ ಎದ್ದು ಹೋಗಿ ನೋಡಿ.

ಆ ಸದಸ್ಯೆಯ ಹಸು ಅದೇ ವರ್ಷ ಮತ್ತೆ ಗಬ್ಬ ಕಟ್ಟಿತು. ಈ ಸಲ ಅಡಾಪ್ಟರನ್ನು ಮನೆಯ ಗೋಡೆಗೆ ತಂದು, ಕ್ಯಾಮರಾಕ್ಕೂ ರೌಟರ್‌ಗೂ ಬ್ಯಾಟರಿ ಜೋಡಿಸಿ, ಗಡಿಯಾರ ನೋಡುವುದನ್ನು ನಾನೇ ಕುಳಿತು ಹೇಳಿಕೊಟ್ಟೆ. ದಿನ ತುಂಬಿದ ಮೇಲೆ ಒಂದು ಬೆಳಿಗ್ಗೆ ಫೋನು ಬಂತು. ರಾತ್ರಿ ಮೂರಕ್ಕೆ ಹೆಣ್ಣು ಕರು, ಗಿಣ್ಣು ಕುಡಿದು ಮಲಗಿದೆ ಎಂದರು. "ಕ್ಯಾಮರಾದಲ್ಲಿ ಕಂಡಿತೇನಮ್ಮ?" ಎಂದು ಕೇಳಿದೆ. "ಕಂಡಿತು ಡಾಕ್ಟ್ರೇ. ಆದ್ರೆ ಅದಕ್ಕೂ ಮುಂಚೆ ಚಿಮಣಿ ಹಿಡ್ಕೊಂಡು ನಾನಲ್ಲೇ ಕೂತಿದ್ದೆ" ಎಂದರು.

ಕ್ಯಾಮರಾ ಕೊಳ್ಳುವ ಮುನ್ನ ಅನುಮಾನವಿದ್ದರೆ ಡಬ್ಬವನ್ನು ಸಂಘಕ್ಕೆ ತನ್ನಿ ಅಥವಾ ನಿಮ್ಮ ಮಾರ್ಗದ ವಿಸ್ತರಣಾಧಿಕಾರಿಯನ್ನು ಕೇಳಿ. ಐದು ಪರೀಕ್ಷೆಗಳನ್ನು ಒಟ್ಟಿಗೆ ಕುಳಿತು ಮಾಡೋಣ.

– ಪಶುವೈದ್ಯ ವಿಸ್ತರಣಾಧಿಕಾರಿ